ಪಿಳ್ಳಮ್ಮನ ಮನೆಯ ಮೀಟರ್

ಹೋದ ವರ್ಷ, ಅಂದರೆ ತೊಂಬತ್ತಾರರ ಬೇಸಿಗೆ. ಕರೆಂಟ್ ಬಿಲ್ ಬಂತೆಂದರೆ ಲಗ್ಗೆರೆಯ ಪಿಳ್ಳಮ್ಮನಿಗೆ ಮೈಮೇಲೆ ದೇವರು ಬಂದ ಹಾಗೆ. ಅವಳದು ಹಳೆಯ ಹೆಂಚಿನ ಮನೆ. ಮುಂದೆ ಅವಳು, ಗಂಡ ಚಿಕ್ಕಮುನಿಯಪ್ಪ. ಹಿಂದಿನ ಒಂದು ಕೋಣೆಯಲ್ಲಿ ರಾಯಚೂರು ಕಡೆಯ ಅಮರೇಶ್, ಅವನ ಹೆಂಡತಿ ಬಸಕ್ಕ ಬಾಡಿಗೆಗಿದ್ದರು. ಎರಡಕ್ಕೂ ಒಂದೇ ಮೀಟರ್. ಜಗಳಕ್ಕೆ ಇನ್ನೇನು ಬೇಕು?

ಬೀದಿ ನಲ್ಲಿಯ ಮುಂದೆ, ಕೊಡ ಹಿಡಿದ ಹತ್ತು ಹೆಂಗಸರ ನಡುವೆ, ಪಿಳ್ಳಮ್ಮ ಬಸಕ್ಕನತ್ತ ಬೆರಳು ತೋರಿಸಿ ಅಂದೇಬಿಟ್ಟಳು: "ಕದ್ದು ಕರೆಂಟ್ ಒಲೆ ಉರಿಸ್ತಾಳೆ ಇವ್ಳು. ಈ ತಿಂಗ್ಳು ಮುಗೀತಿದ್ದಂಗೆ ಮನೆ ಖಾಲಿ ಮಾಡ್ಲಿ!"

ಬಸಕ್ಕನಿಗೆ ಆಗ ಏಳು ತಿಂಗಳು. "ಸೀಮೆಎಣ್ಣಿ ಸ್ಟೋ ಬಿಟ್ರ ನನ್ನ ಕಡೆ ಏನೂ ಇಲ್ರೀ ಅಕ್ಕಾ," ಎಂದಳು. ಯಾರು ಕೇಳಬೇಕು? ಆ ಬಸುರಿ ಖಾಲಿ ಕೊಡ ಹಿಡಿದು ವಾಪಸಾದಳು.

ಅಮರೇಶ್ ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಭಾನುವಾರ ಅವನೇ ಚಿಕ್ಕಮುನಿಯಪ್ಪನ ಬಳಿ ಬಂದ. "ಅಣ್ಣಾರ, ನಮ್ಮ ಫ್ಯಾಕ್ಟರಿಯೊಳಗ ಮೊನ್ನೆ ಎನರ್ಜಿ ಆಡಿಟ್ ಆತ್ರಿ. ಕರೆಂಟ್ ಎಲ್ಲಿ ಪೋಲಾಗ್ತೈತಿ ಅಂತ ಒಂದೊಂದೇ ನೋಡೋದು. ಈ ಮನಿನೂ ನೋಡೋಣ್ರಿ. ನಮ್ಮದೇ ತಪ್ಪಿದ್ರ ಇವತ್ತೇ ಗಂಟುಮೂಟೆ ಕಟ್ತೀವಿ."

"ಮನೆಗೆಂಥ ಆಡಿಟ್ಟು? ನಂದೇನು ಬ್ಯಾಂಕಾ?" ಪಿಳ್ಳಮ್ಮ ಮೂತಿ ತಿರುವಿದಳು.

ಅಮರೇಶ್ ಮೊದಲು ತನ್ನ ಕೋಣೆಯ ಮೇನ್ ಸ್ವಿಚ್ ಆರಿಸಿದ. ಮೀಟರಿನ ಚಕ್ರ ತಿರುಗುತ್ತಲೇ ಇತ್ತು. ಪಿಳ್ಳಮ್ಮನ ಮನೆಯ ಬಲ್ಬು, ಫ್ಯಾನು ಆರಿಸಿದ್ದಾಯಿತು. ಆಗಲೂ ತಿರುಗಿತು.

"ಒಳಗ ಏನೋ ಓಡ್ಲಿಕ್ಕತ್ತೈತ್ರಿ."

ಅಡುಗೆಮನೆಯಲ್ಲಿ ಗುಂಯ್ ಎನ್ನುತ್ತಿದ್ದುದು ಫ್ರಿಡ್ಜು, ಪಿಳ್ಳಮ್ಮನ ಮುದ್ದಿನ ಆಸ್ತಿ. ಒಲೆಯ ಪಕ್ಕ ಗೋಡೆಗೆ ಒತ್ತಿ ನಿಲ್ಲಿಸಿ, ಮಸಿ ಹಿಡಿಯದಿರಲೆಂದು ಹಳೆಯ ಸೀರೆಯನ್ನು ಬೆನ್ನಿಗೂ ಸೇರಿಸಿ ಸುತ್ತಿದ್ದಳು. ಪ್ಲಗ್ ಕಿತ್ತ ಕೂಡಲೇ ಚಕ್ರ ನಿಂತಿತು.

"ಬೆನ್ನಿನ ಬಿಸಿ ಹೊರಗ ಹೋಗ್ಬೇಕ್ರಿ ಅಕ್ಕಾ. ನೀವು ಕಂಬಳಿ ಹೊಚ್ಚೀರಿ. ಮೋಟಾರಿಗೆ ದಣಿವಾರಿಸ್ಕೊಳ್ಳಾಕ ಪುರುಸೊತ್ತೇ ಇಲ್ಲ."

ಅವನು ಕ್ಯಾಲೆಂಡರಿನ ಹಾಳೆಯೊಂದನ್ನು ಫ್ರಿಡ್ಜಿನ ಬಾಗಿಲಿಗೆ ಸಿಕ್ಕಿಸಿ ಎಳೆದ. ಸುಮ್ಮನೆ ಜಾರಿ ಬಂತು. ರಬ್ಬರ್ ಸವೆದಿದೆ, ತಂಪೆಲ್ಲ ಸೋರುತ್ತಿದೆ ಎಂದ. ಆಮೇಲೆ ಮೇಲೆ ನೋಡಿದ. ಮಾಡಿನ ಗಾಜಿನ ಹೆಂಚು ಹೊಗೆಯಿಂದ ಕಪ್ಪಾಗಿತ್ತು.

"ಬೆಳಕು ಬೀಳ್ಲಿ ಅಂತ ನಮ್ಮಪ್ಪ ಆಕ್ಸಿದ್ದು ಕಣಯ್ಯ. ಮರ್ತೇಬಿಟ್ಟು ಅಗಲೊತ್ತೂ ಬಲ್ಬ್ ಉರಿಸ್ತಾ ಕೂತಿದ್ದೀವಿ," ಎಂದು ಚಿಕ್ಕಮುನಿಯಪ್ಪ ಏಣಿ ತಂದ.

ಹೆಂಚು ತೊಳೆದರು. ಫ್ರಿಡ್ಜು ಒಲೆಯಿಂದ ದೂರ ಹೋಯಿತು, ಗೋಡೆಯಿಂದ ಒಂದು ಗೇಣು ಮುಂದೆ ಬಂತು, ಹೊಸ ರಬ್ಬರ್ ಹಾಕಿಸಿಕೊಂಡಿತು. ಮುಂದಿನ ಬಿಲ್ ಇಳಿದೇ ಬಂತು.

ಪಿಳ್ಳಮ್ಮ ನಾಚಿಕೆಯಿಂದ ಎರಡು ದಿನ ಬಸಕ್ಕನ ಮುಖ ನೋಡಲಿಲ್ಲ. ಮೂರನೆಯ ದಿನ ಅದೇ ನಲ್ಲಿಯ ಮುಂದೆ, ಅದೇ ಹೆಂಗಸರ ನಡುವೆ ಕೂಗಿ ಹೇಳಿದಳು: "ಕೇಳ್ರವ್ವಾ! ಈ ಎಣ್ಮಗಳು ಯಾವ ಒಲೇನೂ ಉರಿಸ್ಲಿಲ್ಲ. ಕರೆಂಟ್ ಕುಡಿದಿದ್ದು ನನ್ ಫ್ರಿಡ್ಜು, ಕುಡಿಸಿದ್ದು ನಾನು." ಬಸಕ್ಕನ ಕೊಡ ಕಿತ್ತುಕೊಂಡು ತಾನೇ ಸೊಂಟಕ್ಕೇರಿಸಿದಳು. "ನೀನು ತವರಿಗೆ ಓಗೋಗಂಟ ನೀರು ನಾನೇ ತರ್ತೀನಿ. ಮಗೂನ ಎತ್ಕೊಂಡು ಇದೇ ಮನೆಗೆ ಬರ್ಬೇಕು, ಕೇಳ್ತಾ?"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮೀಟರಿನ ಮುಂದೆಯೂ ಇವತ್ತು ಹತ್ತು ನಿಮಿಷ ನಿಲ್ಲಿ. ಒಂದೊಂದೇ ಸ್ವಿಚ್ ಆರಿಸಿ ಚಕ್ರ ನೋಡಿ. ಹಳೆಯ ವೈರಿಗೆ ಮಾತ್ರ ನೀವೇ ಕೈ ಹಾಕಬೇಡಿ, ತಿಳಿದವರನ್ನು ಕರೆಯಿರಿ. ಪಕ್ಕದವರತ್ತ ಬೆರಳು ತೋರಿಸುವ ಮೊದಲು ನಿಮ್ಮ ಫ್ರಿಡ್ಜಿನ ಬೆನ್ನು ಮುಟ್ಟಿ ನೋಡಿ.