ಅಪ್ಪನ ಹಾಗೇ ಕಚ್ಚಿದಳು ಅಮ್ಮಾಜಿ

ಮುನಿಶಾಮಿ ಹಲ್ಲು ಕಡಿದರೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮದ್ರಾಸ್ ಮೇಲ್ ರೈಲು ಗಡಗಡ ನಡುಗಿ ನಿಂತುಬಿಡುತ್ತಿತ್ತು. ಆ ಹಲ್ಲುಗಳನ್ನು ವಿಲಾಯತಿಗೆ ಒಯ್ಯುತ್ತೇವೆ, ಬದಲಿಗೆ ಅರ್ಧ ಉರಿಗಾಂ ಚಿನ್ನದ ಗಣಿ ಬರೆದುಕೊಡುತ್ತೇವೆ ಎಂದು ಗಣಿಯ ಬಿಳಿ ದೊರೆಗಳು ಗೋಗರೆದಿದ್ದರು. ಮುದ್ದೆ ನುಂಗಲು ಹಲ್ಲು ಬೇಡ, ಮಾಂಸಕ್ಕೆ ಬೇಕಲ್ಲ ಎಂದು ಇವನೇ ಒಪ್ಪಲಿಲ್ಲ.

ಇದನ್ನೆಲ್ಲ ಹೇಳುತ್ತಿದ್ದವನು ಮುನಿಶಾಮಿಯೇ. ಗಣಿ ಬಿಟ್ಟ ಮೇಲೆ ಬೂದಿಕೋಟೆ ಸುತ್ತಿನ ಹೊಲಗಳಲ್ಲಿ ಬಾವಿಯ ಬಂಡೆ ಸಿಡಿಸುವುದು ಅವನ ಕಸುಬು. ಬಂಡೆಯೊಳಗಿನ ಮದ್ದು ಸಿಡಿಯಬೇಕಾದರೆ ಕೇಪು ಬೇಕು. ಕೇಪು ಅಂದರೆ ಕಿರುಬೆರಳುದ್ದದ ತಾಮ್ರದ ಕೊಳವೆ. ಅದೊಂದೇ ಸಿಡಿದರೂ ಕೈ ಹೋಯಿತು. ಅದರೊಳಗೆ ಬತ್ತಿ ತೂರಿಸಿ ಬಾಯಿ ಅಮುಕಲು ಇಕ್ಕಳವಿದೆ.

"ಇಕ್ಕಳ ಇರೋದು ಪುಕ್ಕಲರಿಗೆ ಕಣ್ಲಾ!" ಎಂದು ಮುನಿಶಾಮಿ ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಕೇಪನ್ನು ದವಡೆಗಿಟ್ಟು ಕಟಕ್ಕನೆ ಕಚ್ಚಿ ತೋರಿಸುತ್ತಿದ್ದ. ಸಾವಿರ ಜನ ಬಾಯಿ ಬಿಟ್ಟು ನೋಡುತ್ತಿದ್ದರು. ಸಾವಿರ ಅಂದರೆ ಏಳೆಂಟು. ಅದರಲ್ಲೊಬ್ಬಳು ಅವನ ಪುಟ್ಟ ಮಗಳು ಅಮ್ಮಾಜಿ.

ಅವತ್ತು ಊರ ಗೌಡ ಕೋದಂಡಪ್ಪನವರ ಹೊಲದ ಬಾವಿಯ ಹತ್ತಿರವೂ ಅದೇ ಆಟ ನಡೆಯಿತು. ಬಾಲವಾಡಿ ನಡೆಸುವ ಅನಸೂಯಮ್ಮ ಆ ದಾರಿಯಲ್ಲೇ ಬಂದವರು ನಿಂತು ನೋಡಿದರು.

"ಮುನಿಶಾಮಿ, ಮಗು ನೋಡ್ತಾ ಅದೆ."

"ನೋಡ್ಲಿ ಬಿಡಕ್ಕ. ಮುಟ್ಬೇಡ ಅಂತ ಯೋಳಿವ್ನಿ. ನನ್ ಮಾತು ಮೀರಾಕಿಲ್ಲ."

"ಮಾತಲ್ಲಿ ಯೋಳಿದ್ದು ಒಂದು. ದಿನಾ ಮಾಡಿ ತೋರ್ಸೋದು ಇನ್ನೊಂದು. ಮಕ್ಕಳು ಯಾವುದನ್ನ ಕಲೀತಾರೆ ಅಂದ್ಕೊಂಡೆ?"

"ನಿಮ್ ಬಾಲವಾಡಿ ಪಾಠ ಬಾಲವಾಡೀಲಿರ್ಲಿ ಬುಡಕ್ಕ!" ಎಂದು ಮುನಿಶಾಮಿ ನಕ್ಕ. ಕೋದಂಡಪ್ಪನವರೂ ನಕ್ಕರು.

ಹೊಂಗೆ ಮರದ ಕೆಳಗೆ ಹೆಂಡತಿ ಮುನಿರತ್ನಮ್ಮ ಅನಸೂಯಮ್ಮನವರನ್ನೂ ಕೂರಿಸಿ ಎಲ್ಲರಿಗೂ ಅಂಬಲಿ ಬಗ್ಗಿಸಿದಳು. ಚೆಂಬು ಬಾಯಿಗಿಡುತ್ತ ಮುನಿಶಾಮಿ ಸುಮ್ಮನೆ ಅತ್ತ ತಿರುಗಿದ. ಮದ್ದಿನ ಚೀಲದ ಬಾಯಿ ಬಿಚ್ಚಿತ್ತು. ಪಕ್ಕದಲ್ಲಿ ಅಮ್ಮಾಜಿ ಕುಕ್ಕರಗಾಲಲ್ಲಿ ಕೂತಿದ್ದಳು. ತಲೆ ಓರೆ. ಒಂದು ಕಣ್ಣು ಮುಚ್ಚಿದೆ. ದವಡೆಯಲ್ಲಿ ಕೇಪು. ಹೊಸದು, ತುಂಬಿದ ಕೇಪು.

ಚೆಂಬು ಕೈಜಾರಿತು. ಮುನಿರತ್ನಮ್ಮ ಬಾಯಿ ತೆರೆಯುವಷ್ಟರಲ್ಲಿ ಅನಸೂಯಮ್ಮ ಅವಳನ್ನು ತಬ್ಬಿ ಹಿಡಿದರು.

"ಕಿರುಚ್ಬೇಡ ಕಣೇ! ಅಮ್ಮಾಜಿ ಎದರ್ಕೊಂಡು ಕಚ್‌ಬುಡ್ತಾಳೆ. ಯಾರೂ ಓಡ್ಬೇಡಿ. ಮುನಿಶಾಮಿ, ನಿನ್ನ ನೋಡಿ ಬಾಯಿಗಿಟ್ಳು. ನಿನ್ನ ನೋಡೇ ತೆಗೀಬೇಕು. ಓಗು, ಎದುರಿಗೆ ಕೂತ್ಕೊ."

ಮುನಿಶಾಮಿ ಒಂದು ಹೊಂಗೆ ಕಡ್ಡಿ ಮುರಿದುಕೊಂಡು ಮಗಳ ಎದುರು ಕುಕ್ಕರಿಸಿದ. ಕಡ್ಡಿಯನ್ನು ದವಡೆಗಿಟ್ಟ. ತಲೆ ಓರೆ ಮಾಡಿದ. ಅಪ್ಪನೂ ಆಟಕ್ಕೆ ಬಂದ ಎಂದು ಅಮ್ಮಾಜಿಯ ಮುಖ ಅರಳಿತು. ನಗಲು ಹೋದಳು. ಹಲ್ಲು ತಾಮ್ರಕ್ಕೆ ತಾಕಿ ಟಿಕ್ ಎಂದಿತು.

ಮುನಿಶಾಮಿ ಬಾಯಿ ಅಗಲ ಮಾಡಿದ. ಅಮ್ಮಾಜಿ ಕೂಡ ಆ... ಎಂದಳು. ಅವನು ಎರಡು ಬೆರಳಲ್ಲಿ ಕಡ್ಡಿ ಹಿಡಿದ. ಅವಳೂ ಕೇಪು ಹಿಡಿದಳು. ಅವನ ಕೈ ನಡುಗಿತು. ಅದು ಆಟವೆಂದುಕೊಂಡು ಅವಳೂ ಕೈ ನಡುಗಿಸಿದಳು. ಕೇಪು ಹಲ್ಲಿನ ಮೇಲೆ ಟಕಟಕ ಕುಣಿಯಿತು.

"ಕೈ ನಿಲ್ಸು," ಅನಸೂಯಮ್ಮ ಪಿಸುಗುಟ್ಟಿದರು. "ನಿನ್ ಭಯಾನೂ ಕಲೀತಾ ಅವ್ಳೆ."

ಮುನಿಶಾಮಿ ಮೊಣಕೈಯನ್ನು ಮಂಡಿಗೆ ಒತ್ತಿದ. ಕೈ ನಿಂತಿತು. ಅವಳ ಕೈಯೂ ನಿಂತಿತು. ಅವನು ಕಡ್ಡಿಯನ್ನು ಹೊರತೆಗೆದು, ಟವೆಲ್ಲಿನ ಮೇಲೆ ಮೊಟ್ಟೆಯನ್ನಿಟ್ಟ ಹಾಗೆ ಮೆಲ್ಲಗೆ ಇಟ್ಟ. ಅಮ್ಮಾಜಿ ಕೇಪನ್ನು ಅದರ ಪಕ್ಕಕ್ಕೆ ಇಟ್ಟಳು, ಅಷ್ಟೇ ಮೆಲ್ಲಗೆ.

"ಬಾ ಕಣ್ಣು," ಎಂದು ಅವನು ಕೈ ಚಾಚಿದ. ಅವಳೂ ಕೈ ಚಾಚಿದಳು.

ಮಗಳನ್ನು ಎತ್ತಿಕೊಂಡು ಅವನು ಮರದ ಬುಡಕ್ಕೆ ಬರುವ ಹೊತ್ತಿಗೆ ಎಲ್ಲರೂ ಸುತ್ತುವರಿದಿದ್ದರು.

"ಏನ್ ಗುಂಡಿಗೆ ಮಾರಾಯ ನಿಂದು!" ಎಂದರು ಕೋದಂಡಪ್ಪ.

ಅಷ್ಟು ಸಾಕಾಯಿತು. ಮುನಿಶಾಮಿಯ ಕೈ ಮೀಸೆಗೆ ಹೋಯಿತು. "ಇದ್ಯಾವ ಮಾ ಕೆಲ್ಸ ಗೌಡ್ರೇ! ಗಣೀಲಿ ದಿನಕ್ಕೆ ಸಾವ್ರ ಕೇಪು ಇದೇ ಹಲ್ಲಲ್ಲಿ..."

ಮುನಿರತ್ನಮ್ಮ ಅವನ ಸೊಂಟಕ್ಕೆ ಕೈಹಾಕಿ, ಪಂಚೆಯ ಮಡಿಕೆಯಿಂದ ಹಿತ್ತಾಳೆ ಇಕ್ಕಳವೊಂದನ್ನು ಎಳೆದು ಎಲ್ಲರ ಮುಂದೆ ಎಸೆದಳು.

"ಇದ್ಯಾತಕ್ಕೆ ಅಂತ ಯೋಳು! ಯೋಳು ಮತ್ತೆ!"

ಮುನಿಶಾಮಿ ಮಗಳ ಬಾಯನ್ನು ಬೆರಳಲ್ಲಿ ಸವರಿದ. ಮೀಸೆ ಇಳಿಯಿತು.

"ನಾನು ತುಂಬಿದ ಕೇಪು ಒಂದಾದ್ರೂ ಕಚ್ಚಿಲ್ಲ ಗೌಡ್ರೇ. ಆ ಧೈರ್ಯ ನಂಗಿಲ್ಲ. ನಿಮ್ಗೆ ತೋರ್ಸ್ತಿದ್ದದ್ದು ಖಾಲಿ ಕೊಳವೆ. ಬಾವಿಗಿಳಿದು, ಯಾರಿಗೂ ಕಾಣ್ದಂಗೆ ಇಕ್ಕಳದಾಗೆ ಅಮುಕ್ತಿದ್ದೆ. ಪುಕ್ಲ ಅಂದ್ಬುಡ್ತೀರಾ ಅಂತ ನಾಚ್ಕೆ. ಸರಿಯಾದ್ದನ್ನ ಬಚ್ಚಿಟ್ಕೊಂಡೆ, ಸುಳ್ಳನ್ನ ದಿನಾ ಮಾಡಿ ತೋರಿಸ್ದೆ. ನನ್ ಕೂಸು ಕಂಡಿದ್ದನ್ನ ಕಲೀತು."

ಅಣ್ಣಂದಿರೇ, ಅಕ್ಕಂದಿರೇ, ಮದ್ದು, ಕೇಪು, ಕತ್ತಿ, ಬೆಂಕಿ ನಿಮ್ಮ ಕೈಯಲ್ಲಿದ್ದಾಗ ಮಗುವನ್ನು ದೂರವಿಡಿ, ಕೆಲಸ ಮುಗಿದ ಮೇಲೆ ಬೀಗದೊಳಗಿಡಿ. ಮಗುವಿನೆದುರು ಸುಳ್ಳು ಶೌರ್ಯ ಮೆರೆಯಬೇಡಿ. ನಿಮ್ಮ ಎಚ್ಚರವನ್ನು ಮಾತ್ರ ಎಂದೂ ಬಚ್ಚಿಡಬೇಡಿ. ಅದು ಮಗುವಿನ ಕಣ್ಣಿಗೆ ದಿನಾ ಬೀಳಲಿ.