ವಿಮಾನ ಹತ್ತದ ಕೊಬ್ಬರಿ

ಸಮುದ್ರದ ದಂಡೆಯ ಮೇಲೆ ಮದುವೆಯಾಗುತ್ತೇನೆ ಎಂದು ಮಗಳು ಲಹರಿ ಹಟ ಹಿಡಿದಂದಿನಿಂದ ಶೈಲಶ್ರೀಗೆ ನೆಂಟರಿಗೆ ಬುದ್ಧಿ ಹೇಳುವುದೇ ಕೆಲಸವಾಗಿತ್ತು. ಮಂಟಪ, ಊಟ, ಹೂವು, ಕೊನೆಗೆ ಅಕ್ಷತೆಯ ಬಣ್ಣವನ್ನು ಕೂಡ ಅಂಡಮಾನಿನ ರೆಸಾರ್ಟಿನವರೇ ನಿರ್ಧರಿಸಿದ್ದರು. ನಾರಾಯಣಗೂಡದ ಮನೆಯಲ್ಲಿ ಕೂತು ಅವಳು ಫೋನಿನಲ್ಲಿ ಒಂದೇ ಸಮನೆ ಸೂಚನೆ ಕಳಿಸುತ್ತಿದ್ದಳು. ರೇಷ್ಮೆ ಬೇಡ, ಬೆವರಿಗೆ ಮೈಗಂಟುತ್ತದೆ. ಎತ್ತರದ ಚಪ್ಪಲಿ ಉಸುಕಿನಲ್ಲಿ ಹೂತುಹೋಗುತ್ತದೆ. ದೋಣಿಯಲ್ಲಿ ಹೊಟ್ಟೆ ತೊಳಸುವವರು ಗುಳಿಗೆ ತನ್ನಿ, ಸೊಳ್ಳೆಗೆ ಮುಲಾಮು ಮರೆಯಬೇಡಿ. ಆಧಾರ್ ಕಾರ್ಡು ಕೈಚೀಲದಲ್ಲಿರಲಿ.

ಎಲ್ಲರೂ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದರು. ಓದಿದವರು ಒಬ್ಬರೂ ಇರಲಿಲ್ಲ.

ಈ ಮದುವೆಯಲ್ಲಿ ಅವಳದೆಂದು ಉಳಿದದ್ದು ಒಂದೇ, ಮಗಳ ಉಡಿ ತುಂಬುವುದು. ಹೊರಡುವ ಮುಂಚೆ ಮನೆಗೆ ಬಾ, ದೇವರ ಮುಂದೆ ಕೂಡಿಸಿ ತುಂಬುತ್ತೇನೆ ಎಂದು ಎಷ್ಟು ಕೇಳಿಕೊಂಡರೂ ಲಹರಿಗೆ ರಜೆ ಸಿಗಲಿಲ್ಲ. ಗಚ್ಚಿಬೌಲಿಯ ಆಫೀಸಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೇ ಬರುತ್ತೇನೆ ಎಂದಳು. ಸರಿ, ಅಲ್ಲಿಯೇ ತುಂಬಿದರಾಯಿತು ಎಂದು ಶೈಲಶ್ರೀ ಅಕ್ಕಿ, ಉತ್ತತ್ತಿ, ಅರಿಶಿನಕೊಂಬು, ಕುಂಕುಮ, ಖಣ, ಆರಿಸಿ ತಂದ ಒಣಕೊಬ್ಬರಿ ಬಟ್ಟಲು ಎಲ್ಲವನ್ನೂ ಗಂಟು ಕಟ್ಟಿ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಳು.

ಶಂಷಾಬಾದಿನ ನಿಲ್ದಾಣದಲ್ಲಿ ಗಂಡನ ಚಿಕ್ಕಪ್ಪ ವೈಜನಾಥ ಕಾಕಾ ರೇಷ್ಮೆ ಜುಬ್ಬಾ ತೊಟ್ಟು ನಿಂತಿದ್ದರು. ಅತ್ತೆ ಶಾರದಾಬಾಯಿ ಆ ಸೆಖೆಯಲ್ಲೂ ಉಣ್ಣೆಯ ಶಾಲು ಹೊದ್ದಿದ್ದರು.

"ಕಾಕಾ, ಆಧಾರ್ ಎಲ್ಲೈತ್ರಿ?"

"ಭದ್ರ ಐತವಾ. ದೊಡ್ಡ ಪೆಟ್ಟಿಗಿ ತಳದಾಗ ಇಟ್ಟೀನಿ."

"ಅಲ್ಲಿ ಇಡಬ್ಯಾಡ್ರಿ ಅಂತ ನಾಕು ಸಲ ಬರದಿದ್ನಲ್ರಿ!"

"ನಿನ್ನ ಮೆಸೇಜು ಭಾಳ ಉದ್ದ ಇರ್ತಾವ ಶೈಲಾ. ಚಾಳೀಸು ಹುಡುಕೂದ್ರಾಗ ಇನ್ನೊಂದು ಬಂದಿರ್ತೈತಿ."

ಜನ ಓಡಾಡುವ ದಾರಿಯಲ್ಲೇ ಪೆಟ್ಟಿಗೆ ಬಿಚ್ಚಿ, ಕಾಕಾನ ಪಂಚೆ, ಬನಿಯನ್ನುಗಳ ಅಡಿಯಿಂದ ಕಾರ್ಡು ತೆಗೆಯುವಷ್ಟರಲ್ಲಿ ಶೈಲಶ್ರೀಯ ತಲೆ ಸಿಡಿಯುತ್ತಿತ್ತು. ಸಿಟ್ಟೆಲ್ಲ ಅತ್ತೆಯ ಕಡೆ ತಿರುಗಿತು.

"ಅಲ್ರಿ ಅತ್ತಿ, ಅಂಡಮಾನಿಗೆ ಶಾಲು ಯಾಕ್ರಿ?"

"ವಿಮಾನದಾಗ ಥಂಡಿ ಇರ್ತೈತಂತ," ಎಂದರು ಶಾರದಾಬಾಯಿ. ಆಮೇಲೆ ಮೆಲ್ಲಗೆ, "ನೀ ನೀರ ಕುಡದೀಯೋ ಇಲ್ಲೋ?" ಎಂದು ತಮ್ಮ ಬಾಟಲಿ ಮುಂದೆ ಹಿಡಿದರು. ಶೈಲಶ್ರೀ ಬೇಡವೆಂದು ತಲೆಯಾಡಿಸಿದಳು. ಮರುಗಳಿಗೆಗೆ ಇಸಿದುಕೊಂಡು ಕುಡಿದಳು.

ಅಷ್ಟರಲ್ಲಿ ಲಹರಿ ಪ್ಯಾಂಟು, ಬನಿಯನ್ನಿನಂಥ ಅಂಗಿಯಲ್ಲಿ ಓಡೋಡಿ ಬಂದಳು. ನಾಳಿದ್ದಿನ ಮದುಮಗಳೆಂದು ಯಾರೂ ಹೇಳುವಂತಿರಲಿಲ್ಲ. ಎಲ್ಲರೂ ಸಾಲಿನಲ್ಲಿ ನಿಂತರು. ಕೌಂಟರಿನ ಹುಡುಗಿ ನಿಷೇಧಿತ ವಸ್ತುಗಳ ಚಿತ್ರಪಟ ತೋರಿಸಿ, ಇವುಗಳಲ್ಲಿ ಏನಾದರೂ ಇದೆಯೇ ಎಂದು ಹಿಂದಿಯಲ್ಲಿ ಕೇಳಿದಳು. ಪಟಾಕಿ, ಲೈಟರು, ಪೆಟ್ರೋಲು. ಇಲ್ಲ, ಇಲ್ಲ ಎನ್ನುತ್ತಾ ಬಂದ ಶೈಲಶ್ರೀಯ ಕಣ್ಣು ಕೊನೆಯ ಚಿತ್ರದ ಮೇಲೆ ನಿಂತಿತು. ಒಣಕೊಬ್ಬರಿ.

"ಇದ್ಯಾಕ?"

ಅದರಲ್ಲಿ ಎಣ್ಣೆಯಿರುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ, ಪೆಟ್ಟಿಗೆಯಲ್ಲೂ ಕೈಚೀಲದಲ್ಲೂ ನಡೆಯುವುದಿಲ್ಲ ಎಂದಳು ಹುಡುಗಿ. ತೆಗೆದು ಆ ಡಬ್ಬಿಗೆ ಹಾಕಬೇಕಂತೆ. ಅವಳು ತೋರಿಸಿದ್ದು ಕಸದ ಡಬ್ಬಿ.

ಹಿಂದಿನಿಂದ ಕಾಕಾನ ದನಿ ಬಂತು. "ಶೈಲಾ, ಇದನ್ನ ಬರದಿದ್ದಿಲ್ಲಲ್ಲ ನೀ?"

ಊರಿಗೆಲ್ಲ ಬುದ್ಧಿ ಹೇಳಿದವಳು ತಾನೇ ಪೆಟ್ಟಿಗೆ ಬಿಚ್ಚಿ ಕೂತಳು. ಗಂಟು ಕೈಗೆ ಬಂತು. ಮಗಳ ಉಡಿಯ ಕೊಬ್ಬರಿಯನ್ನು ಕಸಕ್ಕೆ ಹಾಕುವುದೆಂದರೆ ಹೇಗೆ? ಕೈ ಏಳಲೇ ಇಲ್ಲ.

"ಹೋಗ್ಲಿ ಬಿಡು ಮಮ್ಮಿ, ಅಲ್ಲಿ ಬೇಕಾದಷ್ಟು ತೆಂಗಿನಕಾಯಿ ಸಿಗ್ತಾವ," ಎಂದಳು ಲಹರಿ.

ಶಾರದಾಬಾಯಿ ಸಾಲು ದಾಟಿ ಮುಂದೆ ಬಂದರು. "ಮಗಳು ಊರು ಬಿಡೂ ಮುಂದ ತುಂಬೂದಲ್ಲೇನು ಉಡಿ? ಊರಂತೂ ಇನ್ನೂ ಬಿಟ್ಟಿಲ್ಲಲ್ಲ. ಇಲ್ಲೇ ತುಂಬು."

"ಇಲ್ಲೇ? ಇಕಿಗೆ ಸೆರಗರ ಎಲ್ಲೈತ್ರಿ ಅತ್ತಿ?"

ಶಾರದಾಬಾಯಿ ತಮ್ಮ ಶಾಲು ತೆಗೆದು ಮೊಮ್ಮಗಳ ಹೆಗಲಿಗೆ ಹೊದಿಸಿ ಅಂಚನ್ನು ಅವಳ ಕೈಗೆ ಕೊಟ್ಟರು. "ಹಿಡಿ ಕೂಸ. ಬಗ್ಗಿ ಹಿಡಿ."

ಕೌಂಟರಿನ ಹುಡುಗಿಯ ಮುಖವೇ ಬದಲಾಯಿತು. "ಒಡಿಬಿಯ್ಯಮಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು. ಉಡಿಯಕ್ಕಿಯ ಪದ್ಧತಿ ಅವರ ಮನೆಯಲ್ಲೂ ಇತ್ತು, ಕೊಬ್ಬರಿ ಬಟ್ಟಲಿನ ಸಮೇತ. ಹಿಂದಿನವರನ್ನು ಪಕ್ಕದ ಕೌಂಟರಿಗೆ ಕಳಿಸಿ, ಅವಸರವಿಲ್ಲ ಎನ್ನುವಂತೆ ಕೈಕಟ್ಟಿ ನಿಂತಳು.

ಟ್ರಾಲಿಗಳ ನಡುವೆ ಶೈಲಶ್ರೀ ಮಗಳ ಹಣೆಗೆ ಕುಂಕುಮ ಹಚ್ಚಿ, ಬೊಗಸೆ ಬೊಗಸೆಯಾಗಿ ಉಡಿ ತುಂಬಿದಳು. ಅಕ್ಕಿಯ ಮೇಲೆ ಕೊಬ್ಬರಿ ಬಟ್ಟಲುಗಳನ್ನು ಒಂದೊಂದಾಗಿ ಇಟ್ಟಳು. ಲಹರಿ ತಲೆಯೆತ್ತಲಿಲ್ಲ.

"ಈಗ ಉಡಿಯಾಗಿಂದ ಒಂದಿಷ್ಟು ತವರಿಗೆ ಬಿಡಬೇಕು," ಎಂದರು ಶಾರದಾಬಾಯಿ. "ಎಲ್ಲಾರೂ ಅಕ್ಕಿ ಬಿಡ್ತಾರ. ನೀ ಕೊಬ್ಬರಿ ಬಿಡು."

"ತವರು ಅಂದ್ರ ನಾವೆಲ್ಲಾ ವಿಮಾನ ಹತ್ತಾವ್ರಲ್ರಿ ಅತ್ತಿ, ಯಾರ ಕೈಯಾಗ ಬಿಡ್ತಾಳ?"

ಶಾರದಾಬಾಯಿ ಕೌಂಟರಿನ ಹುಡುಗಿಯನ್ನು ತೋರಿಸಿದರು. "ಇಕಿ ಊರಾಗ ಉಳಿಯಾಕಿ ಅಲ್ಲೇನು?"

ಹುಡುಗಿ ಒಮ್ಮೆ ಆಚೀಚೆ ನೋಡಿ, ಎರಡೂ ಕೈಯೊಡ್ಡಿ ಕೊಬ್ಬರಿ ಇಸಿದುಕೊಂಡಳು. ಕಣ್ಣಿಗೊತ್ತಿಕೊಂಡು ಕುರ್ಚಿಯ ಪಕ್ಕದ ತನ್ನ ಊಟದ ಚೀಲದಲ್ಲಿಟ್ಟಳು.

ಶೈಲಶ್ರೀ ಅಕ್ಕಿಯನ್ನು ಮತ್ತೆ ಗಂಟು ಕಟ್ಟಿ, ಶಾಲು ಝಾಡಿಸಿ, ಅತ್ತೆಗೆ ತಾನೇ ಹೊದಿಸಿದಳು.

"ವಿಮಾನದಾಗ ಥಂಡಿ ಇರ್ತೈತ್ರಿ," ಎಂದಳು. ಆಮೇಲೆ ಹಿಂದೆ ತಿರುಗಿದಳು. "ಕಾಕಾ, ಆಧಾರ್ ಮತ್ತ ಎಲ್ಲಿಟ್ರಿ?"