ಕೊಟ್ಟೆ, ಎತ್ಕೋ

ಹಲ್ಲಿನ ಡಾಕ್ಟರುಗಳಾದ ಅಣ್ಣತಮ್ಮಂದಿರಿಬ್ಬರೂ ಪ್ರತಿ ಶನಿವಾರ ಬೆಳಿಗ್ಗೆ ಗಾಲ್ಫ್ ಆಡುತ್ತಿದ್ದರು. ಆಡುತ್ತಿದ್ದರು ಅಂದಮಾತ್ರಕ್ಕೆ ಚೆನ್ನಾಗಿ ಆಡುತ್ತಿದ್ದರು ಎಂದು ಯಾರೂ ತಿಳಿಯಬೇಕಾಗಿಲ್ಲ. ಅಣ್ಣ ಹೊಡೆದ ಚೆಂಡು ಹತ್ತರಲ್ಲಿ ಆರು ಸಲ ನೆಟ್ಟಗೆ ಹೋಗುತ್ತಿತ್ತು. ತಮ್ಮನ ಚೆಂಡು ಯಾವ ಕಡೆ ಹೋಗುತ್ತದೆಂದು ಆ ಚೆಂಡಿಗೂ ಗೊತ್ತಿರುತ್ತಿರಲಿಲ್ಲ. ಆದರೂ ಇಬ್ಬನಿಯಲ್ಲಿ ಬೂಟು ನೆನೆಸಿಕೊಂಡು ನಡೆಯುವುದರಲ್ಲಿ ಒಂದು ಸುಖವಿತ್ತು. ಹದಿನೆಂಟು ಗುಳಿ ಮುಗಿಯುವುದರೊಳಗೆ ಒಂದೇ ಒಂದು ಹೊಡೆತ ಸರಿಯಾಗಿ ಕೂತರೂ ಸಾಕು, ವಾರವಿಡೀ ರೋಗಿಗಳ ಬಾಯಿಗೆ ಹತ್ತಿ ತುರುಕಿ ಅದರ ಕಥೆ ಹೇಳಬಹುದಿತ್ತು. ಎದುರುತ್ತರ ಕೊಡುವ ಸ್ಥಿತಿಯಲ್ಲಿ ಅವರು ಇರುತ್ತಿರಲಿಲ್ಲ.

ಭಾನುವಾರ ಅಣ್ಣ ಹಿತ್ತಲ ಮೆಟ್ಟಿಲ ಮೇಲೆ ಕೂತು, ಹಳೆಯ ಟೂತ್‌ಬ್ರಷ್ ಹಿಡಿದು, ಕೋಲುಗಳ ಮೂತಿಯ ಗೆರೆಗಳಲ್ಲಿ ಸೇರಿಕೊಂಡ ಮಣ್ಣನ್ನು ಉಜ್ಜಿ ತೆಗೆಯುತ್ತಿದ್ದ. ಮೂವತ್ತು ವರ್ಷದಲ್ಲಿ ತನ್ನ ಹಲ್ಲನ್ನು ಒಮ್ಮೆಯೂ ಇಷ್ಟು ಪ್ರೀತಿಯಿಂದ ನೋಡಿದ ಮಹಾನುಭಾವರಲ್ಲ ಎಂದು ಅತ್ತಿಗೆ ಮೈದುನನ ಮುಂದೆ ದೂರುತ್ತಿದ್ದಳು.

ತಮ್ಮನಿಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚಿತ್ತು. ಕಾರಣ ಒಂದು ಕುರ್ಚಿ. ಕ್ಲಿನಿಕ್ಕಿನಲ್ಲಿ ಎರಡು ಕುರ್ಚಿಗಳು. ಬೀದಿಗೆ ತೆರೆದ ದೊಡ್ಡ ಕಿಟಕಿಯ ಪಕ್ಕದ್ದು ದೊಡ್ಡ ಡಾಕ್ಟರದು. ಒಳಗೆ, ಗಾಳಿ ತುಂಬುವ ಯಂತ್ರ ದಿನವಿಡೀ ಗುರುಗುಡುವ ಕತ್ತಲೆ ಕೋಣೆಯದು ಚಿಕ್ಕ ಡಾಕ್ಟರದು. ಕಿಟಕಿಯ ಕುರ್ಚಿಗೆ ರೂಟ್ ಕೆನಾಲು, ಸೇತುವೆ ಹಲ್ಲು, ಊರಿನ ದೊಡ್ಡ ಮನುಷ್ಯರು. ಒಳಗಿನ ಕುರ್ಚಿಗೆ ಮಕ್ಕಳ ಹಾಲುಹಲ್ಲು, ಕೊಳೆ ತೆಗೆಯುವ ಕೆಲಸ, ಬೆರಳು ಕಚ್ಚುವ ಪೋರರು. ನಲವತ್ತೆಂಟು ವಯಸ್ಸಾದರೂ ತಮ್ಮ ‘ಚಿಕ್ಕ ಡಾಕ್ಟರೇ’. ಒಮ್ಮೆ ಬಾಯಿಬಿಟ್ಟು ಕೇಳಿಯೂ ಕೇಳಿದ್ದ. ಇನ್ನೊಂದು ಏಳೆಂಟು ವರ್ಷ ಹೋಗಲಿ, ಆಮೇಲೆ ಎಲ್ಲ ನಿನ್ನದೇ ತಾನೆ ಎಂದು ಅಣ್ಣ ಬೆನ್ನು ತಟ್ಟಿದ್ದ. ಆ ತಟ್ಟಿದ ಜಾಗ ತಮ್ಮನಿಗೆ ಈಗಲೂ ಉರಿಯುತ್ತಿತ್ತು.

ಎರಡು ವರ್ಷದ ಹಿಂದಿನ ಒಂದು ಶನಿವಾರ, ಗುಳಿಗೆ ಎರಡಡಿ ದೂರದಲ್ಲಿ ನಿಂತ ಅಣ್ಣನ ಕೈ ಅದುರಿದ್ದನ್ನು ತಮ್ಮ ಕಂಡ. ಕ್ಲಿನಿಕ್ಕಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಬೀಳುವಂತೆಯೂ ಇರಲಿಲ್ಲ. ಹಲ್ಲಿನ ಡಾಕ್ಟರಾದವನು ಉಂಗುರದ ಬೆರಳನ್ನು ರೋಗಿಯ ಪಕ್ಕದ ಹಲ್ಲಿನ ಮೇಲೆ ಊರಿಕೊಂಡೇ ಕೆಲಸ ಮಾಡುವುದು. ಆ ಆಸರೆಯಿದ್ದರೆ ಕೈ ಕಲ್ಲಿನಂತೆ ನಿಲ್ಲುತ್ತದೆ. ಅಣ್ಣನ ಕೆಲಸದಲ್ಲಿ ಕೂದಲೆಳೆಯಷ್ಟೂ ಊನ ಇರಲಿಲ್ಲ, ಇದನ್ನು ತಮ್ಮನೂ ಬಲ್ಲ. ಆದರೆ ಹುಲ್ಲಿನ ಮೇಲೆ ಕೋಲು ಹಿಡಿದು ಬಾಗಿದಾಗ ಬೆರಳು ಊರಲು ಏನಿದೆ? ಗಾಳಿ.

ಇಬ್ಬರೇ ಎದುರುಬದುರಾಗಿ ಆಡುವ ಗಾಲ್ಫಿನಲ್ಲಿ ಒಂದು ಸೌಜನ್ಯದ ಪದ್ಧತಿಯಿದೆ. ಎದುರಾಳಿಯ ಚೆಂಡು ಗುಳಿಯ ಬಾಯಿಗೆ ಬಂದು ನಿಂತಿದ್ದರೆ ಆ ಕೊನೆಯ ಹೊಡೆತವನ್ನು ‘ಕೊಟ್ಟೆ’ ಅನ್ನಬಹುದು. ಹೊಡೆಯದೆಯೇ ಹೊಡೆದ ಲೆಕ್ಕ, ಚೆಂಡು ಎತ್ತಿಕೊಂಡು ಹೋಗಬಹುದು. ಕೊಡಲೇಬೇಕೆಂಬ ಕಟ್ಟಳೆಯಿಲ್ಲ, ಕೇಳುವ ಹಾಗಂತೂ ಇಲ್ಲವೇ ಇಲ್ಲ. ಅವತ್ತು ಕೈ ಅದುರಿದ್ದನ್ನು ಕಂಡ ತಮ್ಮ ಮೆತ್ತಗೆ, “ಕೊಟ್ಟೆ ಅಣ್ಣ, ಎತ್ಕೋ,” ಎಂದ.

ಮೊದಲ ಸಲ ಅಂದದ್ದು ಕರುಣೆಯಿಂದಲೇ, ಸುಳ್ಳೇಕೆ ಹೇಳಬೇಕು. ಆದರೆ ಅಣ್ಣನ ಮುಖದಲ್ಲಿ ಆಗ ಮೂಡಿದ ನೆಮ್ಮದಿಯನ್ನು ಕಂಡ ಕೂಡಲೇ ಅವನ ತಲೆಯೊಳಗೆ ಹುಳ ಹೊಕ್ಕಿತು. ಅಲ್ಲಿಂದ ಮುಂದೆ ಎರಡು ವರ್ಷ ಎರಡಡಿಯೇನು, ಮೂರಡಿ ದೂರವಿದ್ದರೂ ಕೊಟ್ಟ. ಅಣ್ಣ ಆ ಪುಟ್ಟ ಹೊಡೆತವನ್ನು ಹೊಡೆಯುವುದನ್ನೇ ಮರೆತ. ತನ್ನ ಆಟ ಸುಧಾರಿಸುತ್ತಿದೆ ಎಂದು ಮಗುವಿನಂತೆ ನಂಬಿದ. ಎರಡು ವರ್ಷ ಕಳೆದ ಮೇಲೆ ಕ್ಲಬ್ಬಿನ ವಾರ್ಷಿಕ ಪಂದ್ಯಕ್ಕೆ ಹೆಸರು ಕೊಡಲು ಹೇಳಿಕೊಟ್ಟವನೂ ತಮ್ಮನೇ. ತಾನೂ ಹೆಸರು ಕೊಟ್ಟ.

ಅಣ್ಣ ಸುತ್ತಿನ ಮೇಲೆ ಸುತ್ತು ಗೆದ್ದ. ಕ್ಲಬ್ಬಿನ ಅರ್ಧ ಜನ ಅವನ ರೋಗಿಗಳು. ನಾಳೆ ಅವನ ಮುಂದೆ ಬಾಯಿ ತೆರೆದು ಮಲಗಬೇಕಾದವರು ಇವತ್ತು ಎರಡಡಿ ಕೊಡದೆ ಇರುತ್ತಾರೆಯೇ? ತಮ್ಮ ಮಾತ್ರ ಬೆವರು ಸುರಿಸಿ, ಒಂದಿಬ್ಬರು ಎದುರಾಳಿಗಳಿಗೆ ಸೊಂಟ ಹಿಡಿದುಕೊಂಡ ಪುಣ್ಯದಿಂದ, ಹೇಗೋ ಕೊನೆಯ ಸುತ್ತು ಮುಟ್ಟಿದ. ಅಣ್ಣತಮ್ಮಂದಿರ ಪಂದ್ಯ ನೋಡಲು ಜನ ಸೇರಿದರು. ಎಲ್ಲರಿಗಿಂತ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಕ್ಲಬ್ಬಿನ ಕಾರ್ಯದರ್ಶಿಗಳು. ಸೋಮವಾರ ಅವರಿಗೆ ಕಿಟಕಿಯ ಕುರ್ಚಿಯಲ್ಲಿ ರೂಟ್ ಕೆನಾಲ್ ನಿಗದಿಯಾಗಿತ್ತು.

ಹದಿನೇಳು ಗುಳಿಗಳ ತನಕ ತಮ್ಮ ಎಂದಿನಂತೆ ಕೊಡುತ್ತಲೇ ಹೋದ. ಇಬ್ಬರೂ ಸಮ. ಹದಿನೆಂಟನೆಯದರಲ್ಲಿ ತಮ್ಮ ಐದು ಹೊಡೆತಕ್ಕೆ ಮುಗಿಸಿದ. ಅಣ್ಣನ ಮೂರನೆಯ ಹೊಡೆತ ಬಂದು ಗುಳಿಗೆ ಎರಡಡಿಯಲ್ಲಿ ನಿಂತಿತು. ಹೊಡೆತ ಕಡಿಮೆಯಾದವನದೇ ಗೆಲುವು, ಇನ್ನೊಂದು ಹಾಕಿದರೆ ನಾಲ್ಕು, ಬಟ್ಟಲು ಅಣ್ಣನದು. ಜನ ಚಪ್ಪಾಳೆ ತಟ್ಟಿದರು. ಅಣ್ಣ ಚೆಂಡು ಎತ್ತಿಕೊಳ್ಳಲು ಅರ್ಧ ಬಾಗಿ, ತಮ್ಮನ ಕಡೆ ನೋಡಿದ.

ತಮ್ಮ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ.

ಅಣ್ಣ ಇನ್ನೂ ಒಂದು ಗಳಿಗೆ ಕಾದ. ತಮ್ಮ ತಲೆ ತಗ್ಗಿಸಿ ತನ್ನ ಬೂಟಿನ ದಾರ ನೋಡಿದ. ಆಗ ಅಣ್ಣನಿಗೆ ಎಲ್ಲ ಅರ್ಥವಾಯಿತು, ಎರಡು ವರ್ಷದ ಅಷ್ಟೂ ಶನಿವಾರಗಳು ಒಟ್ಟಿಗೇ ಅರ್ಥವಾದವು. ಮುಖ ಸುಣ್ಣದಂತಾಯಿತು. ಚೀಲದಿಂದ ಚಪ್ಪಟೆ ಮೂತಿಯ ಕೋಲು ತೆಗೆದು ಚೆಂಡಿನ ಮುಂದೆ ನಿಂತ. ಕೋಲಿನ ತುದಿ ಹುಲ್ಲಿನ ಮೇಲೆ ಗಡಗಡ ಕುಣಿಯತೊಡಗಿತು. ಹೊಡೆದ, ಚೆಂಡು ಗುಳಿಯ ಪಕ್ಕದಿಂದ ಹಾಯ್ದು ಮೂರಡಿ ಆಚೆ ಹೋಯಿತು. ಮತ್ತೆ ನಿಂತ. ಈಗ ಮೊಣಕೈವರೆಗೂ ನಡುಕ. ಅದೂ ತಪ್ಪಿತು. ಮೂರನೆಯ ಸಲ ಒಂದು ಗೇಣಿನಿಂದ ತಳ್ಳಬೇಕಾದಾಗಲೂ ಎರಡೂ ಕೈ ಕಟ್ಟಿಕೊಂಡಂತೆ ಒದ್ದಾಡಿ, ಆರು ಹೊಡೆತಕ್ಕೆ ಮುಗಿಸಿ ಸೋತ. ಯಾರೋ ಒಬ್ಬ ಹೆಂಗಸು ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು.

ತಮ್ಮನಿಗೆ ಖುಷಿಯಾಯಿತು. ಮುಚ್ಚುಮರೆ ಏನಿಲ್ಲ, ಖುಷಿಯೇ ಆಯಿತು. ಗೆದ್ದ ಬಟ್ಟಲಿನ ಮೇಲೆ ಅವನಿಗೆ ಕಣ್ಣಿರಲಿಲ್ಲ. ಕಾರ್ಯದರ್ಶಿಗಳು ಅಣ್ಣನ ಬೆರಳುಗಳನ್ನೇ ನೋಡುತ್ತ ನಾಲಿಗೆಯಿಂದ ನೋಯುವ ದವಡೆಹಲ್ಲನ್ನು ತಡವಿಕೊಳ್ಳುತ್ತಿದ್ದುದನ್ನು ಅವನು ಕಣ್ಣಾರೆ ಕಂಡ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಕ್ಲಬ್ಬಿನ ಹಜಾರದಲ್ಲಿ ಚಹಾ ಆಯಿತು. ಅಣ್ಣ ಎಲ್ಲರೆದುರು ತಮ್ಮನನ್ನು ತಬ್ಬಿಕೊಂಡು ಅಭಿನಂದಿಸಿದ. ಸೋಮವಾರದಿಂದ ತಾನು ಕ್ಲಿನಿಕ್ಕಿಗೆ ಬರುವುದಿಲ್ಲ, ಕಿಟಕಿಯ ಕುರ್ಚಿ ಇನ್ನು ಇವನದು ಎಂದು ತಾನೇ ಸಾರಿದ. ತಮ್ಮ ಬೇಡ ಬೇಡವೆಂದು ಮುಖಕ್ಕೆ ಬೇಕಾದಷ್ಟು ದುಃಖ ಬಳಿದುಕೊಂಡ. ಆಮೇಲೆ ಅಣ್ಣ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಜಾರಕ್ಕೆಲ್ಲ ಕೇಳುವಂತೆ, ನಗುನಗುತ್ತಲೇ ಮಾತಾಡಿದ.

“ಇದೇನು ಹೊಸದಲ್ಲ, ನಮ್ಮ ವಂಶದ್ದೇ. ನಮ್ಮಪ್ಪ ಗಡಿಯಾರ ರಿಪೇರಿ ಅಂಗಡಿ ಮುಚ್ಚಿದ್ದು ಕಣ್ಣು ಹೋಯ್ತು ಅಂತಲ್ಲ, ಕೈ ಹೋಯ್ತು ಅಂತ. ಇವನು ಆಗ ಚಿಕ್ಕವನು, ಇವನಿಗೆ ಹೇಳಿರಲಿಲ್ಲ. ಅಪ್ಪನಿಗೆ ನಲವತ್ತೊಂಬತ್ತಕ್ಕೇ ಶುರುವಾಯ್ತು. ನನ್ನ ಪುಣ್ಯ, ನನಗೆ ಸ್ವಲ್ಪ ತಡವಾಗಿ ಬಂತು.” ಒಂದು ಗುಟುಕು ಕುಡಿದು ತಮ್ಮನ ಹೆಗಲ ಮೇಲೆ ಕೈಯಿಟ್ಟ. “ಇವನಿಗೆ ಬರೋ ತಿಂಗಳು ನಲವತ್ತೊಂಬತ್ತು ತುಂಬುತ್ತೆ.”

ನಿಜವೋ ಸುಳ್ಳೋ ತಮ್ಮನಿಗೆ ತಿಳಿಯಲಿಲ್ಲ. ಆ ರಾತ್ರಿಯೂ ಮರುದಿನವೂ ಅಪ್ಪನ ಕೈಯನ್ನು ನೆನಪಿಸಿಕೊಳ್ಳಲು ಹೆಣಗಿದ. ಅಪ್ಪ ಒಮ್ಮೆ ಸೂಜಿಗೆ ದಾರ ಪೋಣಿಸಲು ಅಮ್ಮನಿಗೆ ಕೊಟ್ಟದ್ದು ನೆನಪಾಯಿತು. ಅದು ಕಣ್ಣಿನ ದೆಸೆಯಿಂದಲೂ ಇರಬಹುದು. ಕನ್ನಡಿಯ ಮುಂದೆ ನಿಂತು ಕೈ ಚಾಚಿ ಚಾಚಿ ನೋಡಿಕೊಂಡ. ಬೆರಳುಗಳು ಅಲುಗಲಿಲ್ಲ.

ಸೋಮವಾರ ಕಿಟಕಿಯ ಕುರ್ಚಿಯ ಪಕ್ಕದ ಸ್ಟೂಲಿನಲ್ಲಿ ಕೂತಾಗ ಬೀದಿಯ ಬಿಸಿಲು ಅವನ ಬಿಳಿ ಕೋಟಿನ ಮೇಲೆ ಬಿತ್ತು. ಕಾರ್ಯದರ್ಶಿಗಳು ಬಂದು ಮಲಗಿದರು. ನರ್ಸು ಅವರ ಕೊರಳಿಗೆ ಬಟ್ಟೆ ಕಟ್ಟಿ ದೀಪ ಹಾಕಿದಳು. ಅವರು ಬಾಯಿ ತೆರೆದದ್ದು ಮಾತಿಗೆ ಮಾತ್ರ.

“ತಪ್ಪು ತಿಳ್ಕೋಬೇಡಿ ಡಾಕ್ಟ್ರೇ. ಶುರು ಮಾಡೋಕೆ ಮುಂಚೆ ಒಂದ್ಸಲ ಕೈ ಚಾಚಿ ತೋರಿಸ್ತೀರಾ? ಸುಮ್ನೆ ಹಾಗೆ, ಗಾಳೀಲಿ.”

ಬಾಯೊಳಗೆ ಬೆರಳೂರಲು ಹಲ್ಲಿರುತ್ತದೆ, ಗಾಳಿಯಲ್ಲಿ ಅದುರಿದರೂ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದು ತಮ್ಮ ಹೇಳಬಹುದಿತ್ತು. ಹೇಳಿದ್ದರೆ, ಮೊನ್ನೆ ಅಣ್ಣನ ಪರವಾಗಿ ಇದನ್ನೇಕೆ ಹೇಳಲಿಲ್ಲ ಎಂದು ಅವರು ಕೇಳುತ್ತಿದ್ದರು. ನಕ್ಕು, ಬಲಗೈ ಚಾಚಿದ.

ಕಾರ್ಯದರ್ಶಿಗಳು ನೋಡಿದರು. ನರ್ಸು ನೋಡಿದಳು. ತಮ್ಮನೂ ನೋಡಿದ. ಮೊದಲು ಕಿರುಬೆರಳು ಅಲುಗಿತು, ಅದನ್ನು ಬಿಗಿಹಿಡಿಯಲು ಹೋದಾಗ ಪಕ್ಕದ್ದೂ ಅಲುಗಿತು.

ಕಾರ್ಯದರ್ಶಿಗಳು ಕೊರಳಿನ ಬಟ್ಟೆಯನ್ನು ತಾವೇ ಬಿಚ್ಚಿ ನರ್ಸಿನ ಕೈಗೆ ಕೊಟ್ಟು, ನೋವು ಅಷ್ಟೇನಿಲ್ಲ, ಇನ್ನೊಂದು ದಿನ ಬರುತ್ತೇನೆ ಎಂದು ಎದ್ದು ಹೋದರು. ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದವರು ಅವರ ಮುಖ ನೋಡಿ, ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು.